ಸವೆದ ಕ್ಲಚ್ ಪೆಡಲ್

ಗುಜರಿಯವರ ತಕ್ಕಡಿಗೆ ಎಲ್ಲ ಟ್ರ್ಯಾಕ್ಟರೂ ಒಂದೇ. ಮ್ಯಾಸಿ ಇರಲಿ, ಮಹೀಂದ್ರಾ ಇರಲಿ, ರಷ್ಯಾದಿಂದ ಹಡಗಿನಲ್ಲಿ ಬಂದದ್ದಿರಲಿ, ಅವರು ನೋಡುವುದು ಬೀಡು ಎಷ್ಟು, ತಗಡು ಎಷ್ಟು ಎಂದು. ಎಂಜಿನ್ ಬ್ಲಾಕು, ಗೇರ್‌ಬಾಕ್ಸು ಬೀಡಿನ ಲೆಕ್ಕಕ್ಕೆ. ಬಾನೆಟ್ಟು, ಮಡ್‌ಗಾರ್ಡು ತಗಡಿನ ಲೆಕ್ಕಕ್ಕೆ. ಟಯರು, ಬ್ಯಾಟರಿಗೆ ಬೇರೆ ದರ. ಹಳೇ ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಗೆ ನಾನು ಆಗಾಗ ಹೋಗಿ ಕೂರುತ್ತೇನೆ. ಹಳೆಯ ಟ್ರ್ಯಾಕ್ಟರಿನ ಬಿಡಿಭಾಗ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಕ್ಷೇತ್ರವಿಲ್ಲ. ಒಮ್ಮೆ ಅಲ್ಲಿ ನವಲಗುಂದದ ಕಡೆಯ ರೈತರೊಬ್ಬರು ತಮ್ಮ ಹಳೆಯ ಎಚ್‌ಎಂಟಿಯನ್ನು ತೂಕಕ್ಕೆ ಹಾಕಿ, ರೊಕ್ಕ ಎಣಿಸಿಕೊಂಡ ಮೇಲೂ ಹೋಗದೆ ನಿಂತಿದ್ದರು. ಪಕ್ಕದ ಲೇತ್ ಅಂಗಡಿಯ ಹುಡುಗ ಅದರ ಗೇರುಗಳನ್ನು ತಿರುವಿ ನೋಡಿ ಹಿಗ್ಗುತ್ತಿದ್ದ. ಗುಜರಿ ಮಾಲೀಕರು ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದರು. ಅವರಿಗೆ ದುಃಖವೂ ಇಲ್ಲ, ಸಂತೋಷವೂ ಇಲ್ಲ.

ಈ ಮೂವರನ್ನು ನಾನು ಅದಕ್ಕೂ ಮೊದಲೇ ಕಂಡಿದ್ದೆ, ಜೈನ ದಾರ್ಶನಿಕ ಸಮಂತಭದ್ರಾಚಾರ್ಯರ ‘ಆಪ್ತಮೀಮಾಂಸೆ’ಯಲ್ಲಿ. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕಾಗಿದ್ದವನು ಅಳುತ್ತಾನೆ, ಕಿರೀಟ ಬೇಕಾಗಿದ್ದವನು ಹಿಗ್ಗುತ್ತಾನೆ, ಬಂಗಾರವಷ್ಟೇ ಸಾಕು ಎನ್ನುವವನು ಸುಮ್ಮನಿರುತ್ತಾನೆ. ಮೂವರಲ್ಲಿ ಯಾರ ಭಾವವೂ ಸುಳ್ಳಲ್ಲ. ಏಕೆಂದರೆ ಅಳಿವು, ಹುಟ್ಟು, ಸ್ಥಿರತೆ ಮೂರೂ ಒಂದೇ ವಸ್ತುವಿನಲ್ಲಿ, ಒಂದೇ ಗಳಿಗೆಯಲ್ಲಿ ನಡೆದಿವೆ. ಓದಿದಾಗ ತಲೆದೂಗಿದ್ದೆ. ಗುಜರಿ ಅಂಗಡಿಯ ಬೆಂಚಿನ ಮೇಲೆ ಕೂತಾಗ ಮಾತ್ರ ಒಂದು ಸಂಶಯ ಹುಟ್ಟಿತು. ಕರಗಿಹೋಗಬೇಕಾದದ್ದನ್ನು ತೂಕದ ರೊಕ್ಕ ಕೊಟ್ಟು ಬಿಡಿಸಿಕೊಂಡು ಬಂದು, ಮತ್ತೆ ಮೊದಲಿನಂತೆ ಮಾಡುತ್ತೇನೆ ಎಂದು ಹೊರಡುವ ನಾಲ್ಕನೆಯವನಿದ್ದಾನಲ್ಲ, ಆಚಾರ್ಯರ ಲೆಕ್ಕದಲ್ಲಿ ಅವನಿಗೆ ಜಾಗವೆಲ್ಲಿ? ಅವನು ಅಳುವುದು ಯಾವುದಕ್ಕೆ? ಆ ನಾಲ್ಕನೆಯವನು ನಾನು.

ಐಟಿಐಯೊಂದರಲ್ಲಿ ಹುಡುಗರಿಗೆ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿಸಿ ನಿವೃತ್ತನಾದವನು. ತತ್ತ್ವಶಾಸ್ತ್ರ ನನಗೆ ವಿದ್ಯೆಯಲ್ಲ, ಚಟ. ಸಿದ್ಧಾರೂಢ ಮಠದ ಪ್ರವಚನಗಳಿಗೆ ನಮ್ಮ ಕಾಕಾ ಕೈಹಿಡಿದು ಕರೆದೊಯ್ಯುತ್ತಿದ್ದ ಕಾಲದಿಂದ ಹತ್ತಿದ್ದು. ಅಮ್ಮಿನಭಾವಿ ದಾರಿಯ ನಮ್ಮ ಹೊಲದಲ್ಲಿ ಒಂದು ಪತ್ರಾಸ್ ಶೆಡ್ಡು. ಅದರಲ್ಲಿ ಮೂರು ಹಳೆಯ ಟ್ರ್ಯಾಕ್ಟರು. ಒಂದು ನಮ್ಮ ಮನೆಯದೇ ಆದ ಕೆಂಪು ಇಂಟರ್‌ನ್ಯಾಷನಲ್ ಬಿ-275. ಎರಡನೆಯದು ಎರಡು ಸಿಲಿಂಡರಿನ ಎಚ್‌ಎಂಟಿ 2511. ಮೂರನೆಯದು ಸೋವಿಯತ್ ಕಾಲದ ಡಿಟಿ-14. ಒಂದೇ ಸಿಲಿಂಡರು, 14 ಅಶ್ವಶಕ್ತಿ, ನನ್ನ ಕೈಯಲ್ಲಿ ಇನ್ನೂ ಒಮ್ಮೆಯೂ ಕೆಮ್ಮಿಲ್ಲ. ಯುರೋಪಿನ ಸಂಗ್ರಾಹಕರ ಮುಂದೆ ನನ್ನ ಈ ಸಂಗ್ರಹ ಏನೇನೂ ಅಲ್ಲ. ಮ್ಯಾನ್‌ಹೈಮ್ ಊರಿನಲ್ಲಿ 1921ರಿಂದ ತಯಾರಾದ ಲಾಂಜ್ ಬುಲ್‌ಡಾಗ್ ಎಂಬ ಟ್ರ್ಯಾಕ್ಟರಿನ ಮೂತಿಗೆ ಬೆಂಕಿ ಹಿಡಿದು ಕಾಯಿಸಿ, ಸ್ಟಿಯರಿಂಗನ್ನೇ ಕಿತ್ತು ಫ್ಲೈವೀಲಿಗೆ ಸಿಕ್ಕಿಸಿ ತಿರುವಿ ಎಬ್ಬಿಸುವ ಜರ್ಮನ್ ಮುದುಕರ ವಿಡಿಯೋ ನೋಡುತ್ತ ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ.

ಬಿ-275 ಇಂಗ್ಲೆಂಡಿನ ಡಾಂಕಾಸ್ಟರಿನಲ್ಲಿ ತಯಾರಾಗುತ್ತಿದ್ದ ಮಾದರಿ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ಮಹೀಂದ್ರಾ ಮತ್ತು ವೋಲ್ಟಾಸ್ ಸೇರಿ 1963ರಲ್ಲಿ ಇಲ್ಲಿ ಒಂದು ಕಂಪನಿ ಕಟ್ಟಿ ಅದನ್ನು ನಮ್ಮ ದೇಶದಲ್ಲೇ ಮಾಡತೊಡಗಿದವು. 1977ರಲ್ಲಿ ಆ ಕಂಪನಿ ಮಹೀಂದ್ರಾದಲ್ಲಿ ಕೂಡಿಹೋಯಿತು. 1985ರಲ್ಲಿ ಹಾರ್ವೆಸ್ಟರ್ ತನ್ನ ಕೃಷಿಯಂತ್ರಗಳ ವ್ಯವಹಾರವನ್ನೇ ಮಾರಿಕೊಂಡಿತು. ಇವತ್ತಿಗೂ ಶೋರೂಮಿಗೆ ಹೋದರೆ ಮಹೀಂದ್ರಾ 275 ಸಿಗುತ್ತದೆ. ಅಲ್ಲಿ ಎಂಜಿನ್ ಬೇರೆ, ಮೈಕಟ್ಟು ಬೇರೆ, ಅಂಕಿ ಮಾತ್ರ ಹಳೆಯದು. ನನ್ನ ಶೆಡ್ಡಿನಲ್ಲಿ ಹಳೆಯ ಕಬ್ಬಿಣವಿದೆ, ಅದನ್ನು ಮಾಡಿದ ಕಂಪನಿ ಇಲ್ಲ. ಇವೆರಡರಲ್ಲಿ ನಿಜವಾದ 275 ಯಾವುದು?

ಹಾಗೆ ನೋಡಿದರೆ ನನ್ನದೂ ಪೂರ್ತಿ ಹಳೆಯದಲ್ಲ. ಲೈನರು, ಪಿಸ್ಟನ್ನು, ಬೇರಿಂಗು ಹೊಸವು. ಡೈನಮೋ ಇದ್ದಲ್ಲಿ ಆಲ್ಟರ್ನೇಟರ್ ಬಂದಿದೆ. ರೇಡಿಯೇಟರು ಇನ್ನಾವುದೋ ಗಾಡಿಯದು. ಎಚ್‌ಎಂಟಿಯ ಕತೆಯಂತೂ ಕೇಳಲೇಬೇಡಿ. 1971ರಲ್ಲಿ ಪಿಂಜೋರಿನಲ್ಲಿ ಎಚ್‌ಎಂಟಿಯವರು ಟ್ರ್ಯಾಕ್ಟರು ಮಾಡಲು ಕೈಹಾಕಿದ್ದು ಚೆಕೊಸ್ಲೊವಾಕಿಯಾದ ಜೀಟರ್ ವಿನ್ಯಾಸ ತಂದು. ಜೀಟರಿನ ಜಾಣತನವೆಂದರೆ ಎರಡು, ಮೂರು, ನಾಲ್ಕು ಸಿಲಿಂಡರಿನ ಮಾದರಿಗಳಿಗೆ ಬಹುಪಾಲು ಒಂದೇ ಬಿಡಿಭಾಗ ಬಳಸಿದ್ದು. ಹೀಗಾಗಿ ದೊಡ್ಡ ಮಾದರಿಯಾದ 3511ರ ಭಾಗ 2511ಕ್ಕೆ ಕೂರುತ್ತದೆ, ನಮಗೂ ಜೀವ ಬರುತ್ತದೆ. ಮೂರು ಊರಿನ ಮೂರು ಸತ್ತ ಟ್ರ್ಯಾಕ್ಟರುಗಳಿಂದ ಎದ್ದು ನಿಂತದ್ದು ನನ್ನ ಎಚ್‌ಎಂಟಿ.

ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಕೇಳಿದ್ದು ಇದನ್ನೇ. ರಥದಲ್ಲಿ ಬಂದೆ ಎನ್ನುತ್ತೀಯಲ್ಲ ದೊರೆ, ರಥವೆಂದರೆ ಅಚ್ಚೇ? ಗಾಲಿಯೇ? ನೊಗವೇ? ಇವೆಲ್ಲದರಾಚೆ ಇನ್ನೇನಾದರೂ ಇದೆಯೇ? ರಾಜ ಎಲ್ಲದಕ್ಕೂ ಇಲ್ಲ ಎನ್ನುತ್ತಾನೆ. ಭಾಗಗಳು ಒಂದು ಕ್ರಮದಲ್ಲಿ ಕೂಡಿದಾಗ ನಾವು ಇಟ್ಟುಕೊಳ್ಳುವ ಹೆಸರಷ್ಟೇ ರಥ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ನ್ಯಾಯ-ವೈಶೇಷಿಕರು ಇದನ್ನು ಒಪ್ಪುವುದಿಲ್ಲ. ಅವಯವಗಳಿಗಿಂತ ಬೇರೆಯಾದ ಅವಯವಿ ಎಂಬುದೊಂದು ನಿಜವಾಗಿಯೂ ಇದೆ ಎನ್ನುತ್ತಾರೆ. ಅದಕ್ಕೆ ಅವರು ತೆರುವ ಬೆಲೆ ಮಾತ್ರ ಭಾರಿ: ಬಟ್ಟೆಯಿಂದ ಒಂದು ನೂಲು ಎಳೆದರೂ ಹಳೆಯ ಬಟ್ಟೆ ಅಳಿದು ಹೊಸದೊಂದು ಬಟ್ಟೆ ಹುಟ್ಟಿತು ಎಂದು ಒಪ್ಪಬೇಕಾಗುತ್ತದೆ. ಆ ಲೆಕ್ಕ ಹಿಡಿದರೆ ನಾಝಲ್ ಬದಲಿಸಿದಾಗಲೆಲ್ಲ ಆರ್‌ಸಿ ಬುಕ್ ಬದಲಿಸಲು ನಾನು ಆರ್‌ಟಿಒ ಕಚೇರಿಗೆ ಓಡಬೇಕು.

ಸರಕಾರವೂ ಈ ಚರ್ಚೆಯಲ್ಲಿ ಒಂದು ಪಕ್ಷ ಹಿಡಿದಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹಾಗಿದ್ದರೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಸಿಗುತ್ತದೆ. ಕಾರು, ಬೈಕುಗಳನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದ ನಿಯಮ. ಕಾರು ಗ್ಯಾರೇಜಿನಲ್ಲಿ ಮುಸುಕು ಹೊದ್ದು ಮಲಗಿ ಮೂಲ ರೂಪ ಕಾಪಾಡಿಕೊಳ್ಳಬಹುದು. ಎರೆ ಹೊಲದಲ್ಲಿ ರಂಟಿ ಎಳೆದ ಟ್ರ್ಯಾಕ್ಟರು ಮೂಲ ರೂಪದಲ್ಲಿದೆ ಎಂದರೆ ಅದು ದುಡಿದೇ ಇಲ್ಲ ಎಂದರ್ಥ.

ನಿಜವಾದ ಜಗಳ ಹುಟ್ಟಿದ್ದು ಬಣ್ಣದ ವಿಷಯದಲ್ಲಿ. ನನ್ನ ಜತೆ ಕೆಲಸ ಮಾಡುವ ಮಿಸ್ತ್ರಿ ಹಳೇ ಹುಬ್ಬಳ್ಳಿಯವರು, ಮುಸಲ್ಮಾನರು, ಕಿವಿಯಿಂದಲೇ ಎಂಜಿನ್ನಿನ ರೋಗ ಹೇಳುವವರು. ಬಿ-275ರ ಬಾನೆಟ್ಟಿನ ಮೇಲೆ ಬಣ್ಣದ ಪದರ ಮೇಲೆ ಪದರ. ಅಡಿಯಲ್ಲಿ ಕಂಪನಿಯ ಕೆಂಪು. ಅದರ ಮೇಲೆ ಯಾವುದೋ ದೀಪಾವಳಿಗೆ ಬಳಿದ ಕಂದುಗೆಂಪು. ಅದರ ಮೇಲೆ ನಮ್ಮೂರ ಪೇಂಟರ್ ಹಳದಿ ಅಕ್ಷರದಲ್ಲಿ ಬರೆದ ‘ಶ್ರೀ ಯಲ್ಲಮ್ಮದೇವಿ ಪ್ರಸನ್ನ’. ಹುಣ್ಣಿಮೆ ಜಾತ್ರೆಗೆ ಊರಿನ ಅರ್ಧ ಮಂದಿಯನ್ನು ಟ್ರೇಲಿಯಲ್ಲಿ ತುಂಬಿಕೊಂಡು ಸವದತ್ತಿ ಗುಡ್ಡಕ್ಕೆ ಹೋಗಿ ಬಂದ ಗಾಡಿ ಅದು.

“ಸರ್, ಕೆರದು ತಗೀಲೇನು? ಬುಡಕ್ಕ ಕಂಪನಿ ಬಣ್ಣ ಛಲೋ ಐತಿ. ಅಸಲಿ ಮಾಲ್ ಮಾಡಿ ಕೊಡ್ತೀನಿ,” ಎಂದರು ಮಿಸ್ತ್ರಿ.

“ಯಲ್ಲವ್ವನ ಹೆಸರು?”

“ಮತ್ತ ಬರಸಿದ್ರಾತು. ಈಗಿನ ಪೇಂಟರ್ ಸ್ಟಿಕರ್ ಮಾಡಿ ಕೊಡ್ತಾನ್ರೀ.”

ಯಾವುದು ಅಸಲಿ? ಹುಬ್ಬಳ್ಳಿಯಲ್ಲೇ ಇದಕ್ಕೆ ಎರಡು ಉತ್ತರ ಸಿಗುತ್ತವೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು, ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಆ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಬರೆದ ಕೈಪಿಡಿಯ ಧೋರಣೆ ಇಷ್ಟು: ಮುರಿದದ್ದನ್ನು ಮುರಿದಂತೆಯೇ ಕಾಪಾಡಿ, ಹೊಸ ಕೆತ್ತನೆ ಮಾಡಿ ಹಳೆಯದೆಂದು ತೋರಿಸಬೇಡಿ. ಹಾಗಾಗಿ ಇಂಥ ಗುಡಿಗಳಲ್ಲಿ ಶಿಲ್ಪ ಬಿದ್ದುಹೋದ ಕಡೆ ಬೋಳು ಕಲ್ಲು ಕಾಣುತ್ತದೆ. ಊರೊಳಗಿನ ಗುಡಿಗಳ ರೀತಿಯೇ ಬೇರೆ. ಅಲ್ಲಿ ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು. ಅದನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠಾಪಿಸುತ್ತಾರೆ, ಗೋಪುರಕ್ಕೆ ಎಣ್ಣೆಬಣ್ಣ ಬಳಿಯುತ್ತಾರೆ, ಜೀರ್ಣೋದ್ಧಾರವಾಯಿತೆಂದು ಊರೂಟ ಹಾಕುತ್ತಾರೆ. ಇಲಾಖೆಗೆ ಕಲ್ಲು ಮುಖ್ಯ, ಊರಿಗೆ ದೇವರು ಮುಖ್ಯ. ಟ್ರ್ಯಾಕ್ಟರ್ ಮಂದಿಯಲ್ಲೂ ಇದೇ ಎರಡು ಪಂಗಡ. ಫ್ಯಾಕ್ಟರಿಯಿಂದ ಹೊರಬಿದ್ದ ದಿನದ ಹಾಗೆ ಮಿಂಚಬೇಕು ಎನ್ನುವವರು ಕೆಲವರು, ತುಕ್ಕನ್ನೂ ಮುಟ್ಟಬಾರದು ಎನ್ನುವವರು ಕೆಲವರು.

ನನಗೆ ಎರಡೂ ಸರಿಕಾಣುವುದಿಲ್ಲ. ಹೊಸದರಂತೆ ಮಿಂಚುವ ಹಳೆಯ ಟ್ರ್ಯಾಕ್ಟರು ದುಡಿಮೆಯ ಒಂದು ದಿನವನ್ನೂ ಕಾಣದ ದಿನಕ್ಕೆ ಹಿಂತಿರುಗಲು ಹವಣಿಸುತ್ತದೆ. ಅದರ ಬದುಕಿನಲ್ಲಿ ಅತ್ಯಂತ ಖಾಲಿಯಾದ ದಿನ ಅದು. ತುಕ್ಕು ಕಾಪಾಡುವವರ ಗಾಡಿಯೋ ನಿಂತಲ್ಲೇ ನಿಂತಿರುತ್ತದೆ. ಧಾರವಾಡದ ಗೆಳೆಯರೊಬ್ಬರು ಇದನ್ನು ಕೇಳಿ, “ಬಸವಣ್ಣನವರು ಹೇಳಿಲ್ಲೇನ್ರೀ, ನಿಂತರ ಸ್ಥಾವರ, ಓಡಿದರ ಜಂಗಮ. ನಿಮ್ಮ ಟ್ರ್ಯಾಕ್ಟರ್ ಓಡಿಸ್ರಿ, ಮುಗೀತು,” ಎಂದರು. ನಮ್ಮ ಕಡೆ ಯಾವ ಪ್ರಶ್ನೆ ಕೇಳಿದರೂ ಈ ಉತ್ತರ ಸಿದ್ಧವಿರುತ್ತದೆ. ಓಡುವುದೆಲ್ಲ ಜಂಗಮವಾದರೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಪಾದೋದಕವನ್ನೂ ದಿನಾ ಸ್ವೀಕರಿಸಬೇಕಾದೀತು. ಶರಣರ ಜಂಗಮಕ್ಕೆ ಅರಿವು ಬೇಕು, ಹಸಿವು ಬೇಕು. ಎಂಜಿನ್ನಿಗೆ ಎರಡೂ ಇಲ್ಲ.

ಹಸಿವಿನ ಮಾತು ಎತ್ತಿದವಳು ನಮ್ಮ ಅವ್ವ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮೊಮ್ಮಗ ಎತ್ತಿನ ಜೋಡಿಯ ಪಕ್ಕದಲ್ಲಿ ಅದೇ ಮಣ್ಣಿನಿಂದ ಒಂದು ಟ್ರ್ಯಾಕ್ಟರು ಮಾಡಿ ಜಗಲಿಯ ಮೇಲಿಟ್ಟ. ಅವ್ವ ಎತ್ತುಗಳಿಗೆ ಕುಂಕುಮ ಹಚ್ಚಿ, ಗೋದಲಿ ಮುಂದಿಟ್ಟು, ಟ್ರ್ಯಾಕ್ಟರನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟಳು.

“ಯಾಕಬೇ, ಅದೂ ಹೊಲಾ ಉಳತೈತಲ್ಲ?” ಎಂದೆ.

“ಉಳತೈತಿ. ಹೊಡದರ ಅಳತೈತೇನು? ಬಿಟ್ಟರ ಮೇಯತೈತೇನು? ಎತ್ತು ಹೊಟ್ಟಿ ಕಟ್ಟಿಕೊಂಡು ನಮಗ ದುಡದಾವೋ ಮಗನ. ಕಬ್ಬಿಣದ್ದು ಎಂಥಾ ಋಣ?”

ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವುದು, ಸತ್ತ ಎತ್ತನ್ನು ಹೊಲದಲ್ಲೇ ಮಣ್ಣು ಮಾಡುವುದು, ಇವೆಲ್ಲ ನೋವುಂಡ ಜೀವಕ್ಕೆ ಸಲ್ಲಿಸುವ ಸಾಲ. ನೋವಿಲ್ಲದ್ದಕ್ಕೆ ಏನು ಸಲ್ಲಿಸುವುದು? ಖಂಡೆಪೂಜೆಯ ದಿನ ನಾವು ಟ್ರ್ಯಾಕ್ಟರಿಗೆ ವಿಭೂತಿ ಬಳಿದು, ಚೆಂಡು ಹೂವಿನ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಇಡುತ್ತೇವೆ. ಆದರೆ ಅದು ಕೃತಜ್ಞತೆಗಿಂತ ಭಯದ ಪೂಜೆ, ಆಯುಧಕ್ಕೆ ಮಾಡುವ ಪೂಜೆ: ನಮ್ಮ ಕೈಯನ್ನೇ ಕತ್ತರಿಸಬೇಡ ಎಂಬ ಬೇಡಿಕೆ. ಕಬ್ಬಿಣದ ಬಗ್ಗೆ ನಮ್ಮ ಸೀಮೆಗೆ ಮೊದಲಿಂದಲೂ ಅನುಮಾನ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರಲ್ಲಿ ಕಬ್ಬಿಣದ ನೇಗಿಲು ತಂದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹಿಂಜರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ಇದನ್ನು ಮೂಢನಂಬಿಕೆ ಎಂದು ನಗುವುದು ಸುಲಭ. ಭಾರವಾದ ಟ್ರ್ಯಾಕ್ಟರು ಹಸಿ ಎರೆಮಣ್ಣಿನ ಮೇಲೆ ಓಡಿ ಓಡಿ ನೇಗಿಲ ಮೊನೆಯ ಕೆಳಗೆ ಗಟ್ಟಿ ಪದರ ಕಟ್ಟುವುದನ್ನು ಕಂಡವನಿಗೆ ಅಷ್ಟು ಜೋರಾಗಿ ನಗು ಬರುವುದಿಲ್ಲ.

ಅವ್ವನ ಪ್ರಶ್ನೆಗೆ ಉತ್ತರ ಕ್ಲಚ್ ಪೆಡಲ್ಲಿನಲ್ಲಿತ್ತು. ಬಿ-275 ಅನ್ನು ನಮ್ಮಪ್ಪ ಕೊಂಡದ್ದು ಸಾಲ ಮಾಡಿ. ಆರ್‌ಸಿ ಅಪ್ಪನ ಹೆಸರಿಗೆ, ಸಾಲ ಅಪ್ಪನ ಹೆಸರಿಗೆ, ಹೊಲದ ಉತಾರ ಅಪ್ಪನ ಹೆಸರಿಗೆ. ಅಪ್ಪ ಅದನ್ನು ಒಂದು ಗೇಣೂ ಓಡಿಸಿದವರಲ್ಲ. ಓಡಿಸಿದವರು ನಮ್ಮ ಮನೆಯಲ್ಲಿ ದುಡಿಯುತ್ತಿದ್ದವರು. ನಾವು ಹುಡುಗರು ಅವರನ್ನು ಡ್ರೈವರ್ ಕಾಕಾ ಎನ್ನುತ್ತಿದ್ದೆವು. ಅವರ ಅಪ್ಪ ನಮ್ಮಲ್ಲೇ ಜೀತಕ್ಕಿದ್ದು ಎತ್ತು ಹೊಡೆದವರು. ಟ್ರ್ಯಾಕ್ಟರು ಬಂದ ಮೇಲೆ ಊರಿನಲ್ಲಿ ಎಷ್ಟೋ ಮಂದಿ ಎತ್ತಿನಾಳುಗಳಿಗೆ ಕೆಲಸ ತಪ್ಪಿತು, ಆ ಎತ್ತಿನಾಳಿನ ಮಗನಿಗೆ ಮಾತ್ರ ಹೊಸ ಕೆಲಸ ಸಿಕ್ಕಿತು. ಡ್ರೈವರ್ ಕಾಕಾ ಊರಿನ ಹೆಚ್ಚುಕಡಿಮೆ ಎಲ್ಲ ಹೊಲಗಳನ್ನೂ ತಾಸಿನ ಬಾಡಿಗೆಗೆ ಉತ್ತರು. ಸ್ವಂತಕ್ಕೆ ಒಂದು ಗುಂಟೆಯೂ ಇರಲಿಲ್ಲ. ತೀರಿಹೋಗಿ ಬಹಳ ಕಾಲವಾಯಿತು. ಅವರದೊಂದು ಫೋಟೊ ಕೂಡ ಸಿಗಲಿಲ್ಲ.

ಪೆಡಲ್ಲು ತೊಳೆದಾಗ ಅದರ ಗೀರುಗಳು ಎಡ ಅಂಚಿನಲ್ಲಿ ಪೂರ್ತಿ ಸವೆದು ನುಣ್ಣಗಾಗಿದ್ದವು, ಬಲಕ್ಕೆ ಹಾಗೇ ಉಳಿದಿದ್ದವು. ಕಾಕಾ ಬರಿಗಾಲಲ್ಲೇ ಓಡಿಸುತ್ತಿದ್ದರು. ಅವರ ಎಡಗಾಲು ಸ್ವಲ್ಪ ಹೊರಕ್ಕೆ ತಿರುಗಿತ್ತು. ಎರೆಮಣ್ಣು ಮೆತ್ತಿದ ಆ ಅಂಗಾಲು ಮರಳುಕಾಗದದಂತೆ ಕಬ್ಬಿಣವನ್ನು ತಿಂದಿತ್ತು. ಸ್ಟಿಯರಿಂಗಿನಲ್ಲೂ ಒಂದು ಕಡೆ ಹೆಬ್ಬೆರಳಷ್ಟು ಅಗಲ ಸವೆದಿದೆ, ಹಿಂದಕ್ಕೆ ತಿರುಗಿ ಸಾಲು ನೋಡುತ್ತ ಒಂದೇ ಕೈಯಲ್ಲಿ ಹಿಡಿಯುತ್ತಿದ್ದ ಜಾಗದಲ್ಲಿ. ಮಿಸ್ತ್ರಿ ಹೊಸ ಪೆಡಲ್ ತಂದಿಟ್ಟಿದ್ದರು. ಕತೆ ಹೇಳಿದೆ. ಅವರು ಹಳೆಯದನ್ನು ಬಟ್ಟೆಯಲ್ಲಿ ಒರೆಸಿ ವಾಪಸು ಜೋಡಿಸಿದರು. ಬಣ್ಣದ ಮಾತನ್ನು ಆಮೇಲೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಯಲ್ಲಮ್ಮನ ಹೆಸರು ಬಾನೆಟ್ಟಿನ ಮೇಲೆ ಹಾಗೇ ಇದೆ. ನಾಝಲ್ಲು ಕೂಡಿಸಿ, ಹೀಟರ್ ಹಾಕಿ, ಚಾವಿ ತಿರುವುವ ಮೊದಲು ಅವರು ‘ಬಿಸ್ಮಿಲ್ಲಾ’ ಎಂದರು. ಅವ್ವ ತೆಂಗಿನಕಾಯಿ ಒಡೆದಳು.

ಕಬ್ಬಿಣಕ್ಕೆ ನೋವಿಲ್ಲ ಎಂಬ ಅವ್ವನ ಮಾತು ಸರಿಯೇ. ನೋವುಂಡದ್ದು ಆ ಅಂಗಾಲು. ಅದು ಎಲ್ಲಿಯೂ ದಾಖಲಾಗದೆ ಕಬ್ಬಿಣದಲ್ಲಿ ಮಾತ್ರ ದಾಖಲಾಗಿದೆ. ಭೂಮಿ, ಸಾಲ, ಆರ್‌ಸಿ ಇದ್ದವರ ಬದುಕಿಗೆ ಕಾಗದಗಳ ಸಾಕ್ಷಿ ಇರುತ್ತದೆ. ಇಲ್ಲದವರ ಸಾಕ್ಷಿ ಇಂಥ ಸವಕಳಿಯಲ್ಲಿರುತ್ತದೆ. ಸಮಂತಭದ್ರರ ಬಂಗಾರದ ಕೊಡಕ್ಕೂ ನೀರು ಹೊತ್ತವಳೊಬ್ಬಳು ಇದ್ದಿರಬೇಕು. ಅವಳ ಬೆರಳು ಕೊಡದ ಕಂಠವನ್ನು ಎಲ್ಲೋ ಸವೆಸಿರಬೇಕು. ಕರಗಿಸಿದಾಗ ಕೊಡ ಕಿರೀಟವಾಯಿತು, ಬಂಗಾರ ಬಂಗಾರವಾಗಿಯೇ ಉಳಿಯಿತು, ಆ ಗುರುತು ಮಾತ್ರ ಯಾವುದೂ ಆಗಲಿಲ್ಲ. ನಾಲ್ಕನೆಯವನು ಅಳುವುದು ಅದಕ್ಕೆ. ತರ್ಕಶಾಸ್ತ್ರದಲ್ಲಿ ಇದು ನಿಲ್ಲುತ್ತದೋ ಇಲ್ಲವೋ, ಪಂಡಿತರು ಹೇಳಲಿ. ಸವಕಳಿಯೂ ಒಂದು ಪರ್ಯಾಯವೇ, ಅಂದರೆ ವಸ್ತುವಿನ ಬದಲಾಗುವ ಅವಸ್ಥೆಯೇ, ಅದೂ ಅಳಿಯತಕ್ಕದ್ದೇ ಎಂದು ಜೈನ ಮಿತ್ರರೊಬ್ಬರು ಈಗಾಗಲೇ ಹೇಳಿದ್ದಾರೆ. ಒಪ್ಪುತ್ತೇನೆ. ಗಾಡಿ ಓಡಿಸಿದರೆ ಕಾಕಾನ ಗುರುತಿನ ಮೇಲೆ ನನ್ನ ಚಪ್ಪಲಿಯ ಗುರುತು ಬೀಳುತ್ತದೆ ಎಂಬುದೂ ಗೊತ್ತು. ಹಾಗೆಂದು ನಿಲ್ಲಿಸಿಡಲು ಮನಸ್ಸಿಲ್ಲ. ಹಿಂಗಾರಿ ಕಡಲೆ ಬಿತ್ತನೆಗೆ ಮೊದಲು ಒಂದೆರಡು ಎಕರೆ ಅದರಿಂದಲೇ ಹರಗುತ್ತೇನೆ. ಅದಾಗಿ ಮತ್ತೆ ಶೆಡ್ಡಿಗೆ.

ಉಳಿಸಬೇಕಾದದ್ದು ಓಡಿಸಿದವರ ಗುರುತು ಎಂಬ ಈ ತೀರ್ಮಾನದಿಂದ ಕೆಲಸವೂ ಸುಲಭವಾಯಿತು. ಲೈನರು, ಬೇರಿಂಗು, ಸೀಲು, ವೈರಿಂಗು ಯಾವುದನ್ನಾದರೂ ಬದಲಿಸಿ, ಯಾವ ದೋಷವೂ ಇಲ್ಲ. ಕಂಪನಿಯ ಎಂಜಿನಿಯರುಗಳಿಗೆ ಬೇಕಾದಷ್ಟು ಸ್ಮಾರಕಗಳಿವೆ. ಬ್ರೇಕು ಹೊಸದೇ ಇರಲಿ, ಜೀವದ ಪ್ರಶ್ನೆ. ಮನುಷ್ಯನ ಕೈಕಾಲು ತಾಗುವ ಜಾಗ ಮಾತ್ರ ಹಾಗೇ ಇರಬೇಕು.

ನಿಮ್ಮ ಹಿತ್ತಲಿನ ಬೇವಿನ ಗಿಡದ ಕೆಳಗೂ ಇಂಥದೊಂದು ನಿಂತಿರಬಹುದು. ಮಾರಬೇಡಿ ಎಂದು ಹೇಳಲಾರೆ. ರೊಕ್ಕ ಬೇಕಾದಾಗ ಮಾರಲೇಬೇಕಾಗುತ್ತದೆ. ಮಾರುವ ಮುಂಚೆ ಅದನ್ನು ಓಡಿಸಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಆರ್‌ಸಿ ಬುಕ್ಕಿನ ಹಿಂದಿನ ಹಾಳೆಯಲ್ಲೇ ಬರೆದರೂ ಸಾಕು. ಉಳಿಸಿಕೊಳ್ಳುವವರು ಜಾಮ್ ಆದ ಎಂಜಿನ್ನನ್ನು ಎಳೆದು ಎಬ್ಬಿಸಲು ಹೋಗಬೇಡಿ. ನಾಝಲ್ ಬಿಚ್ಚಿ ಡೀಸೆಲ್ ಸುರಿದು ಕೆಲವು ದಿನ ನೆನೆಯಲು ಬಿಡಿ, ಆಮೇಲೆ ಕೈಯಿಂದ ತಿರುವಿ ನೋಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಹೊಸ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಮೇಳ ನಡೆಸುವವರಲ್ಲಿ ಒಂದು ಬಿನ್ನಹ: ಆ ಸಾಲಿನ ಕೊನೆಗೆ ನಾಲ್ಕಾರು ಹಳೆಯವಕ್ಕೂ ಜಾಗ ಕೊಡಿ, ಪ್ರತಿಯೊಂದರ ಮುಂದೆ ಒಂದು ಫಲಕ ಹಾಕಿ, ಅದರಲ್ಲಿ ಮಾದರಿಯ ಹೆಸರು, ಮಾಲೀಕರ ಹೆಸರಿನ ಜತೆಗೆ ಅದನ್ನು ಓಡಿಸಿದವರ ಹೆಸರನ್ನೂ ಬರೆಸಿ.